ಮುಲ್ಲರ್ ಎಂದರೆ ಗಿರಣಿಯವನು

ನನ್ನ ಗಂಡನಿಗೆ ಸ್ಟ್ರೋಕ್ ಆದ ಮೇಲೆ ನನಗೆ ಬುದ್ಧಿ ಹೇಳದವರು ಯಾರೂ ಉಳಿಯಲಿಲ್ಲ. ಎಲ್ಲರ ಬುದ್ಧಿಯೂ ಒಂದೇ ಅಚ್ಚಿನದು: ಊರಿಗೆ ಕರೆದುಕೊಂಡು ಹೋಗು, ಮುಲ್ಲರ್‌ನಲ್ಲಿ ತೋರಿಸು. ಮಸ್ಕತ್ತಿನ ವಾದಿ ಅದಾಯ್‌ನಲ್ಲಿ ವರ್ಕ್‌ಶಾಪ್ ನಡೆಸುವ ಇವರ ಚಿಕ್ಕಪ್ಪನ ಮಗ ಅನ್ಸಾರ್ ಹೇಳಿದ. ಅಲ್ಲೇ ಹತ್ತಿರದ ಸೀಬ್‌ನಲ್ಲಿ ಸಂಸಾರ ಹೂಡಿರುವ ನನ್ನ ಮಗಳು ರಾಫಿಯಾ ಫೋನಿನಲ್ಲಿ ಅಳುತ್ತಾ ಹೇಳಿದಳು. ನಮ್ಮ ಕಷ್ಟ ನೋಡಲು ಬಂದು ನಮ್ಮ ಚಹಾ ಕುಡಿದು ಹೋದವರೂ ಹೇಳಿದರು. ಮಂಗಳೂರು ಕಡೆಯವರಿಗೆ ಮುಲ್ಲರ್ ಎಂದರೆ ಕಂಕನಾಡಿಯ ದೊಡ್ಡ ಆಸ್ಪತ್ರೆ. ಬ್ಯಾರಿಯಲ್ಲಿ ನರಳಲಿ, ಕೊಂಕಣಿಯಲ್ಲಿ ನರಳಲಿ, ಕೊನೆಗೆ ಹೋಗುವುದು ಅಲ್ಲಿಗೇ. ನಾನು ಹುಟ್ಟಿದ್ದೂ ಅಲ್ಲೇ. ಆ ಹೆಸರು ಒಬ್ಬ ಜರ್ಮನ್ ಪಾದ್ರಿಯದು ಎಂದು ಎಲ್ಲೋ ಕೇಳಿದ್ದೆ. ಅದಕ್ಕೊಂದು ಅರ್ಥವೂ ಇರಬಹುದು ಎಂದು ಯೋಚಿಸಿದವಳಲ್ಲ. ಯೋಚಿಸಿದ್ದರೆ ಔಷಧಿ, ಬಿಳಿ ಕೋಟು, ಇಂಥದ್ದೇನೋ ಎಂದುಕೊಳ್ಳುತ್ತಿದ್ದೆ.

ನಾನು ಹೋಗುವುದಿಲ್ಲ ಎಂದೆ. ಸೊಕ್ಕಿನಿಂದ ಹೇಳಿದ್ದಲ್ಲ. ಇಲ್ಲಿಯ ಡಾಕ್ಟರೇ ನನ್ನನ್ನು ಕೂರಿಸಿ ಸರಿಯಾಗಿ ತಿಳಿಸಿದ್ದರು: ಬಲಗೈ ಹೋಗಿದೆ, ಬಲಗಾಲಿನಲ್ಲಿ ಸ್ವಲ್ಪ ಜೀವ ಉಳಿದಿದೆ, ಮಾತು ಹೋಗಿದೆ, ಆದರೆ ಬುದ್ಧಿ ಎಲ್ಲೂ ಹೋಗಿಲ್ಲ. ಇನ್ನು ಬೇಕಾದದ್ದು ವ್ಯಾಯಾಮ ಮತ್ತು ತಾಳ್ಮೆ. ವ್ಯಾಯಾಮ ಎಲ್ಲಿದ್ದರೂ ಮಾಡಿಸಬಹುದು. ತಾಳ್ಮೆ ನನಗೆ ಊರಿನಲ್ಲೂ ಇರಲಿಲ್ಲ, ಇಲ್ಲೂ ಇಲ್ಲ.

ನಾವಿರುವುದು ಇಬ್ರಾದಲ್ಲಿ. ಮಸ್ಕತ್ತಿನಿಂದ ಒಳನಾಡಿಗೆ ಬಂದರೆ ಸಿಗುವ ಪೇಟೆ. ಇಲ್ಲಿಯ ಸಂತೆಬೀದಿ ಸೂಕ್‌ನಲ್ಲಿ ಇವರು, ಅಂದರೆ ನನ್ನ ಗಂಡ ಅದ್ದು, ಕಲ್ಲಿನ ಗಿರಣಿ ನಡೆಸುತ್ತಾ ಬಂದವರು. ಗಿರಣಿಯ ಪರವಾನಗಿ, ನಮ್ಮ ವೀಸಾ ಎಲ್ಲ ನಮ್ಮ ಕಫೀಲ್, ಅಂದರೆ ನಮಗೆ ಜಾಮೀನು ನಿಂತ ಇಲ್ಲಿಯ ಧಣಿ, ಖಲ್ಫಾನ್ ಅವರ ಕೈಯಲ್ಲಿ. ಬುಧವಾರ ಪಕ್ಕದ ಅಂಗಳದಲ್ಲಿ ಹೆಂಗಸರ ಸೂಕ್ ಸೇರುತ್ತದೆ. ಮಾರುವವರೂ ಹೆಂಗಸರು, ಕೊಳ್ಳುವವರೂ ಹೆಂಗಸರು, ಗಂಡಸು ಒಳಗೆ ಕಾಲಿಡುವ ಹಾಗಿಲ್ಲ. ಆ ದಿನ ಸುತ್ತಿನ ಹಳ್ಳಿಗಳಿಂದ ಬರುವ ಹೆಂಗಸರು ಗೋಧಿ, ಅರಿಶಿಣ, ಮೆಣಸು ತಂದು ನಮ್ಮ ಬಾಗಿಲಲ್ಲಿ ಇಟ್ಟು, ಸೂಕ್ ಸುತ್ತಿ ಬಂದು ಹಿಟ್ಟು ಒಯ್ಯುತ್ತಾರೆ. ಅವರಲ್ಲಿ ಯಾರಿಗೂ ಇವರ ಹೆಸರು ಅದ್ದು ಎಂದು ಗೊತ್ತಿಲ್ಲ. 'ಯಾ ತಹ್ಹಾನ್' ಎಂದು ಕರೆಯುತ್ತಾರೆ. ಗಿರಣಿಯವನೇ, ಎಂದು ಅರ್ಥ. ನನ್ನನ್ನು ಉಮ್ ರಾಫಿಯಾ ಎನ್ನುತ್ತಾರೆ, ರಾಫಿಯಾಳ ತಾಯಿ.

ಆಸ್ಪತ್ರೆಯಿಂದ ಬಂದ ಮೇಲೆ ಇವರು ಮನೆಯ ಗೋಡೆ ನೋಡುತ್ತಾ ಕೂತರು. ಊಟ ಕೊಟ್ಟರೆ ಉಂಡರು, ಮಲಗಿಸಿದರೆ ಮಲಗಿದರು. ಒಂದು ಬೆಳಿಗ್ಗೆ ನನಗೆ ಸಿಟ್ಟು ಬಂದು, ಗಾಲಿಕುರ್ಚಿಯನ್ನು ನೂಕಿಕೊಂಡು ಗಿರಣಿಗೆ ಕರೆತಂದು, ಮೋಟಾರಿನ ಸ್ವಿಚ್ ಒತ್ತಿದೆ. ಕಲ್ಲು ತಿರುಗಿದ ಸದ್ದಿಗೆ ಇವರ ತಲೆ ಎದ್ದಿತು. ಕಣ್ಣು ನನ್ನ ಕಡೆ ಹೊರಳಿತು, ಬೀಸುವ ಕಲ್ಲಿನ ಕಡೆ ಹೊರಳಿತು, ಹಿಟ್ಟು ಬೀಳುವ ಬಾಯಿಯ ಕಡೆ ಹೊರಳಿತು. ಎಡಗೈ ಚಾಚಿ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿದರು. ಗಿರಣಿ ನಿಂತರೆ ಈ ಮನುಷ್ಯನೂ ನಿಲ್ಲುತ್ತಾನೆ ಎಂದು ನನಗೆ ಆಗಲೇ ಖಾತ್ರಿಯಾಯಿತು. ಅಂದಿನಿಂದ ಗಿರಣಿ ನಾನು ನಡೆಸಿದೆ.

ಬಾಗಿಲಲ್ಲಿ ಎತ್ತರದ ಮೆಟ್ಟಿಲು. ಕುರ್ಚಿ ಹತ್ತಿಸಲು ನಾನೇ ಉಪಾಯ ಮಾಡಿ, ಚಕ್ರಕ್ಕೊಂದರಂತೆ ಎರಡು ಹಲಗೆ ಇಳಿಜಾರಾಗಿ ಇಟ್ಟಿದ್ದೆ. ಒಂದು ಪೆಟ್ಟಿಗೆಯಿಂದ ಕಿತ್ತದ್ದು. ಇನ್ನೊಂದು ಮೋಟಾರಿನ ಹಿಂದೆ ಗೋಡೆಗೆ ಒರಗಿಸಿಟ್ಟಿದ್ದ ದಪ್ಪ ತೇಗದ ಹಲಗೆ. ಕುರ್ಚಿ ಹಲಗೆ ಹತ್ತುವಾಗಲೆಲ್ಲ ಇವರು ಗಂಟಲಿನಿಂದ ಒಂದು ಥರ ಕೂಗಿ, ಎಡಗೈಯಿಂದ ಕೆಳಗೆ ತೋರಿಸಿ, ಚಕ್ರ ಹಿಡಿದು ನಿಲ್ಲಿಸಲು ನೋಡುತ್ತಿದ್ದರು. ಬೀಳುವ ಹೆದರಿಕೆ ಎಂದು ನಾನು ಸಮಾಧಾನ ಮಾಡುತ್ತಿದ್ದೆ. ಎಷ್ಟು ಸಮಾಧಾನ ಮಾಡಿದರೂ ಅಷ್ಟೇ ಕೂಗು. ಮಗುವಿನ ಹಾಗೆ ಆಡ್ತೀರಿ ಎಂದು ಗದರಿದ್ದೂ ಉಂಟು.

ಮೊದಲು ಎಲ್ಲ ಸರಿಯಿತ್ತು. ಮೆಲ್ಲಗೆ ಹಿಟ್ಟು ಬಿಸಿ ಬರತೊಡಗಿತು. ಆಮೇಲೆ ಸೀದ ವಾಸನೆ. ಇವರು ಹಿಟ್ಟು ಉಜ್ಜಿ ನೋಡಿ ನೆಲಕ್ಕೆ ಕೊಡವಿ ಮುಖ ತಿರುಗಿಸತೊಡಗಿದರು. ಶಮ್ಸಾ ಎಂಬ ಅಜ್ಜಿ, ಬುಧವಾರದ ಗಿರಾಕಿಗಳಿಗೆಲ್ಲ ದೊಡ್ಡಮ್ಮನ ಹಾಗಿರುವವಳು, ರೊಟ್ಟಿ ಕಾವಲಿಯ ಮೇಲೆ ಹರಿಯುತ್ತದೆ ಎಂದು ನನ್ನೆದುರೇ ಹೇಳಿದಳು. ಕಲ್ಲಿನ ಹಲ್ಲು ಸವೆದಿತ್ತು. ಬೀಸುವ ಕಲ್ಲಿಗೆ ಆಗಾಗ ಉಳಿಯಿಂದ ಹೊಸ ಹಲ್ಲು ಹಾಕಬೇಕು, ಇಲ್ಲವಾದರೆ ಅದು ಕಾಳನ್ನು ಒಡೆಯುವುದಿಲ್ಲ, ಉಜ್ಜಿ ಸುಡುತ್ತದೆ. ಇಷ್ಟು ನನಗೆ ಗೊತ್ತು. ಆ ಕೆಲಸವನ್ನು ಇವರು ಶುಕ್ರವಾರ ಗಿರಣಿಯ ಬಾಗಿಲು ಹಾಕಿಕೊಂಡು ಮಾಡುತ್ತಿದ್ದರು. ಮಸ್ಕತ್ತಿನ ಮತ್ತ್ರಾದ ಒಬ್ಬ ಬಲೂಚಿ ಮುದುಕನಿಂದ ಕಲಿತದ್ದಂತೆ. ನಾನು ಆಗ ಮನೆಯಲ್ಲಿ ಮೀನು ಹುರಿಯುತ್ತಿದ್ದೆ, ಒಮ್ಮೆಯೂ ನೋಡಿದವಳಲ್ಲ.

ಅನ್ಸಾರ್ ವಾದಿ ಅದಾಯ್‌ನಿಂದ ಒಬ್ಬ ಮೆಕ್ಯಾನಿಕನನ್ನು ಕಳಿಸಿದ. ಅವನು ಬೆಲ್ಟ್ ನೋಡಿದ, ಬೇರಿಂಗ್ ನೋಡಿದ, ಕಲ್ಲು ತನ್ನ ಕೆಲಸ ಅಲ್ಲ ಎಂದ. ಅವನಿಂದ ಮೇಲಿನ ಕಲ್ಲು ಎತ್ತಿಸಿ ಕೂರಿಸಿಕೊಳ್ಳುವ ನಡುವೆ, ಹಠಕ್ಕೆ ಬಿದ್ದು ನಾನೇ ಉಳಿ, ಸುತ್ತಿಗೆ ಹಿಡಿದು ಕಲ್ಲನ್ನು ಎಲ್ಲಾ ಕಡೆ ಸಮನಾಗಿ ಕುಟ್ಟಿದೆ. ಹಿಟ್ಟು ಇನ್ನೂ ಕೆಟ್ಟಿತು, ಒಂದು ಕಡೆ ನುಣ್ಣಗೆ, ಒಂದು ಕಡೆ ನುಚ್ಚು. ಇವರು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡರು. ಅದಕ್ಕಿಂತ ನನಗೆ ಎರಡು ಬಾರಿಸಿದ್ದರೆ ಚೆನ್ನಾಗಿತ್ತು.

ಖಲ್ಫಾನ್ ಬಂದರು. ಕೆಟ್ಟ ಮನುಷ್ಯ ಅಲ್ಲ. ಇವರು ಆಸ್ಪತ್ರೆಯಲ್ಲಿದ್ದಾಗ ದಿನವೂ ಬಂದವರು. ಖರ್ಜೂರದ ಡಬ್ಬಿ ಇಟ್ಟು, ಗಲ್ಫಿನ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಹೆಂಗಸರು ದೂರುತ್ತಿದ್ದಾರೆ. ಸ್ಟೀಲಿನ ಹೊಸ ಮೆಷಿನ್ ನೋಡಿದ್ದೇನೆ, ಅದಕ್ಕೆ ಆಪರೇಟರ್ ಕೂಡ ಬರುತ್ತಾನೆ. ಕೆಲಸ ಮಾಡಲಾಗದವರ ಹೆಸರಿನಲ್ಲಿ ವೀಸಾ ಇಟ್ಟುಕೊಳ್ಳಲು ನನಗೂ ಆಗುವುದಿಲ್ಲ. ರಂಝಾನಿಗೆ ಮುಂಚಿನ ಕೊನೆಯ ಬುಧವಾರ ಮೆಷಿನ್ ಬರುತ್ತದೆ.

"ಕಲ್ಲಿನ ಕಾಲ ಖಲಾಸ್, ಉಮ್ ರಾಫಿಯಾ," ಎಂದರು.

"ಆ ಬುಧವಾರ ಬರುವಾಗ ನಿಮ್ಮ ಮನೆಯ ಗೋಧಿ ತನ್ನಿ," ಎಂದೆ ನಾನು. "ನಿಮ್ಮ ಎದುರೇ ಬೀಸ್ತೇನೆ. ಹಿಟ್ಟು ಬಿಸಿ ಬಂದರೆ ನಾನೇ ಬಾಗಿಲು ಹಾಕಿ ಕೀ ಕೊಡ್ತೇನೆ."

ಅವರು ಇವರ ಮುಖ ನೋಡಿದರು, ನನ್ನ ಮುಖ ನೋಡಿದರು, ಸರಿ ಎಂದು ಹೋದರು. ಬಾಯಿ ನನ್ನದು ಮೊದಲಿನಿಂದಲೂ ಹಾಗೆಯೇ, ಕೈಗಿಂತ ಮುಂದೆ ಓಡುತ್ತದೆ. ಬೀಸುವುದು ಹೇಗೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ಮುಂದಿನ ಬುಧವಾರ ನೊರ್ಬರ್ಟ್ ಬಂದ. ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹುಡುಗ, ಹುಡುಗ ಎಂದರೆ ನಲವತ್ತು ದಾಟಿದವನು, ಮಸ್ಕತ್ತಿನ ಒಂದು ಟೂರ್ ಕಂಪನಿಯಲ್ಲಿ ಡ್ರೈವರ್. ಪ್ರವಾಸಿಗಳನ್ನು ಹೆಂಗಸರ ಸೂಕ್ ತೋರಿಸಲು ತಂದಾಗಲೆಲ್ಲ ನಮ್ಮಲ್ಲಿ ಬಂದು ಕೂರುತ್ತಾನೆ. ಆ ದಿನ ಅವನ ಜೊತೆ ಬಿಳಿ ಗಡ್ಡದ, ಎತ್ತರದ, ಟೋಪಿ ಹಾಕಿದ ಒಬ್ಬ ವಿದೇಶಿ ಇದ್ದ. ಹೆಂಡತಿ ಸೂಕ್‌ನ ಒಳಗೆ ಹೋಗಿದ್ದಾಳೆ, ಇವನನ್ನು ಬಾಗಿಲಲ್ಲೇ ತಡೆದಿದ್ದಾರೆ. ಬಿಸಿಲು ತಾಳಲಾರದೆ ನಮ್ಮ ನೆರಳಿಗೆ ಬಂದದ್ದು.

"ಇವರ ಹೆಸರು ಎಂತ ಗೊತ್ತುಂಟಾ ನಝೀರಕ್ಕ?" ಎಂದ ನೊರ್ಬರ್ಟ್. "ಮುಲ್ಲರ್. ನಮ್ಮ ಕಂಕನಾಡಿಯದ್ದೇ ಮುಲ್ಲರ್."

ನನಗೆ ಒಮ್ಮೆಲೇ ರೇಗಿತು. ಜಗತ್ತೆಲ್ಲ ಸೇರಿ ನನ್ನನ್ನು ಮುಲ್ಲರ್‌ಗೆ ಕಳಿಸಲು ನೋಡಿತು, ನಾನು ಹೋಗದಿದ್ದಕ್ಕೆ ಅದೇ ನನ್ನ ಬಾಗಿಲಿಗೆ ಬಂತೇ ಎನಿಸಿತು. ಡಾಕ್ಟರೇನು ಎಂದು ಕೇಳಿದೆ. ನೊರ್ಬರ್ಟ್ ಇಂಗ್ಲಿಷಿನಲ್ಲಿ ಕೇಳಿ ಹೇಳಿದ: ಅಲ್ಲ, ಕನ್ನಡಕದ ಅಂಗಡಿ ಇಟ್ಟಿದ್ದವರು, ಈಗ ಮಗ ನೋಡಿಕೊಳ್ಳುತ್ತಾನೆ. ಮುಲ್ಲರ್ ಎಂದರೆ ಡಾಕ್ಟರ್ ಅಲ್ಲವೇ ಎಂದೆ. ಅದನ್ನು ಕೇಳಿ ಆ ಮನುಷ್ಯ ಬಾಯಿ ತುಂಬ ನಕ್ಕ. ಆಮೇಲೆ ತಿರುಗುತ್ತಿದ್ದ ಕಲ್ಲನ್ನು ಬೆರಳು ಮಾಡಿ ತೋರಿಸಿ, ತನ್ನ ಎದೆ ಮುಟ್ಟಿಕೊಂಡು, ಏನೋ ಹೇಳಿದ. ನೊರ್ಬರ್ಟ್ ಕೂಡ ಒಂದು ಕ್ಷಣ ಬೆರಗಾದ.

"ಅವರ ಜರ್ಮನ್ ಭಾಷೆಯಲ್ಲಿ ಮುಲ್ಲರ್ ಅಂದ್ರೆ ಗಿರಣಿಯವ ಅಂತೆ ಅಕ್ಕ. ಹಿಟ್ಟು ಬೀಸುವವ. ನಾನು ಮುಲ್ಲರ್‌ನಲ್ಲೇ ಹುಟ್ಟಿದವ, ನನಗೇ ಗೊತ್ತಿಲ್ಲ ನೋಡಿ."

ಕುರ್ಚಿಯಲ್ಲಿದ್ದ ಇವರು ತಲೆ ಎತ್ತಿ ಆ ವಿದೇಶಿಯನ್ನು ನೋಡಿದರು. ನಾನು ಮಾಡಿದ್ದು ನಮ್ಮ ಕಡೆಯ ಯಾರಾದರೂ ಮಾಡುವಂಥದ್ದೇ. ನಮ್ಮಲ್ಲಿ ಕಸಾಯಿ ಎಂಬ ಹೆಸರು ಅಂಟಿದವನು ಮಾಂಸ ಕಡಿಯಬಲ್ಲ, ಮೇಸ್ತ್ರಿ ಎಂದು ಕರೆಸಿಕೊಂಡವನು ಗೋಡೆ ಕಟ್ಟಬಲ್ಲ, ಹೆಸರು ಎಂದರೆ ಕೆಲಸ ಎಂದೇ ನಂಬಿ ಬೆಳೆದವಳು ನಾನು. ಮೋಟಾರು ನಿಲ್ಲಿಸಿ, ಆ ಮನುಷ್ಯನನ್ನು ಕಲ್ಲಿನ ಹತ್ತಿರ ನಿಲ್ಲಿಸಿದೆ. ಅಲ್ಲಾಹನೇ ಕಳಿಸಿದ್ದು, ಇದಕ್ಕೆ ಏನಾಗಿದೆ ನೋಡಿ ಹೇಳಲಿ ಎಂದೆ. ನೊರ್ಬರ್ಟ್ ನಗು ತಡೆದುಕೊಂಡು ತರ್ಜುಮೆ ಮಾಡಿದ. ಆ ಮನುಷ್ಯನ ಮುಖ ಕೆಂಪೇರಿತು. ಅವನು ಬಗ್ಗಿ ಕಲ್ಲನ್ನು ನೋಡಿದ, ಕನ್ನಡಕ ತೆಗೆದು ನೋಡಿದ, ಹಾಕಿ ನೋಡಿದ. ತಾನು ಬದುಕಿನಲ್ಲಿ ಒಂದು ಹಿಡಿ ಗೋಧಿಯನ್ನೂ ಬೀಸಿದವನಲ್ಲ ಎಂದು ಒಪ್ಪಿಕೊಂಡ.

ನನ್ನ ಆಸೆ ಠುಸ್ಸೆಂದಿತು. ಆದರೂ ಬಂದವರನ್ನು ಹಾಗೇ ಕಳಿಸುವುದು ನಮ್ಮ ಪದ್ಧತಿ ಅಲ್ಲವಲ್ಲ, ಸುಲೈಮಾನಿ ಮಾಡಿ ಕೊಟ್ಟೆ. ಕಪ್ಪು ಚಹಾ ಕುಡಿಯುತ್ತಾ ಅವನು ತನ್ನ ಹೆಸರಿನ ಕಥೆ ಹೇಳಿದ. ನೊರ್ಬರ್ಟ್ ಒಂದೊಂದೇ ತುಂಡಾಗಿ ನನಗೆ ಕೊಟ್ಟ. ಹಿಂದೆ ರೋಮಿನವರು ನೀರಿನಿಂದ ತಿರುಗುವ ಗಿರಣಿಯನ್ನು ಅವರ ನಾಡಿಗೆ ತಂದರಂತೆ. ಗಿರಣಿಯ ಜೊತೆ ಗಿರಣಿ ಎಂಬ ಲ್ಯಾಟಿನ್ ಮಾತೂ ಬಂತು. ಅದು ಅವರ ಬಾಯಲ್ಲಿ ಸವೆದು ಸವೆದು ಮುಲ್ಲರ್ ಆಯಿತು. ತೊರೆ ಹರಿಯುವಲ್ಲೆಲ್ಲ ಒಂದು ಗಿರಣಿ, ಊರಿಗೊಬ್ಬ ಗಿರಣಿಯವನು. ಮೊದಲು ಅದು ಹೆಸರೇ ಅಲ್ಲ, ಜನ ಬಾಗಿಲಲ್ಲಿ ನಿಂತು ಕರೆಯುತ್ತಿದ್ದ ಮಾತು. ಕರೆದದ್ದೇ ಮಗನಿಗೆ ಉಳಿಯಿತು, ಮೊಮ್ಮಗನಿಗೆ ಉಳಿಯಿತು. ಈಗ ಅವರ ದೇಶದಲ್ಲಿ ಅದಕ್ಕಿಂತ ಹೆಚ್ಚು ಜನರಿಗಿರುವ ಮನೆತನದ ಹೆಸರು ಬೇರೆ ಇಲ್ಲವಂತೆ.

ಗಿರಣಿಯವನನ್ನು ಆಗ ಯಾರೂ ನಂಬುತ್ತಿರಲಿಲ್ಲ ಎಂದೂ ಹೇಳಿದ. ಬೇರೆಯವರ ಕಾಳು ಅವನ ಕೈಯಲ್ಲಿ ಹಿಟ್ಟಾಗುತ್ತದೆ, ನಡುವೆ ಒಂದು ಹಿಡಿ ಎಲ್ಲಿ ಹೋಯಿತೋ ಯಾರು ಬಲ್ಲರು. ಕೆಲವು ಪೇಟೆಗಳಲ್ಲಿ ಅವನ ಮಕ್ಕಳನ್ನು ಬೇರೆ ಕಸುಬಿನವರು ತಮ್ಮ ಸಂಘಕ್ಕೆ ಸೇರಿಸುತ್ತಿರಲಿಲ್ಲ. ಇದನ್ನು ಕೇಳಿ ಇವರ ಎಡ ತುಟಿ ಮೇಲೇರಿತು. ಸ್ಟ್ರೋಕ್ ಆದ ಮೇಲೆ ನಾನು ನೋಡಿದ ಮೊದಲ ನಗು ಅದು. ಶಮ್ಸಾ ಅಜ್ಜಿ ತನ್ನ ಹಿಟ್ಟನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾ ನಿಲ್ಲುವುದು ಇವರಿಗೆ ನೆನಪಾಗಿರಬೇಕು.

ಅವನ ಅಜ್ಜನ ಅಪ್ಪನೇ ಅವರ ಮನೆಯ ಕೊನೆಯ ಗಿರಣಿಯವನು. ದೊಡ್ಡ ಕಾರ್ಖಾನೆ ಬಂತು, ಗಿರಣಿ ಮುಚ್ಚಿತು, ಮಗ ಪೇಟೆಗೆ ಹೋಗಿ ಕನ್ನಡಕದ ಅಂಗಡಿ ಇಟ್ಟ. ಆ ಮುದುಕನ ವಿಷಯ ಅಜ್ಜಿ ಹೇಳುತ್ತಿದ್ದಳಂತೆ. ಅವನ ಎಡಗೈಯ ಹಿಂಬದಿಯಲ್ಲಿ ಚರ್ಮದ ಒಳಗೆ ನೀಲಿ ಚುಕ್ಕೆಗಳಿದ್ದವು. ಕಲ್ಲಿಗೆ ಹಲ್ಲು ಹಾಕುವಾಗ ಉಳಿಯ ಉಕ್ಕಿನ ಚೂರು ಸಿಡಿದು ಹೊಕ್ಕದ್ದು, ತೊಳೆದರೂ ಹೋಗದ್ದು. ಆ ಕಾಲದಲ್ಲಿ ಕಲ್ಲಿಗೆ ಹಲ್ಲು ಹಾಕುವವರು ಊರೂರು ಸುತ್ತಿ ಕೆಲಸ ಕೇಳುತ್ತಿದ್ದರು. ನಾನು ಅಂಥವನು ಇಂಥವನು ಎಂದು ಬಾಯಲ್ಲಿ ಹೇಳಿಕೊಳ್ಳುವಂತಿರಲಿಲ್ಲ. ಬಾಗಿಲಲ್ಲಿ ನಿಂತು ಕೈಯ ಹಿಂಬದಿ ತೋರಿಸಬೇಕು. ಚುಕ್ಕೆ ಇದ್ದರೆ ಒಳಗೆ, ಇಲ್ಲದಿದ್ದರೆ ಮುಂದಿನ ಊರು.

ನೊರ್ಬರ್ಟ್ ಇದನ್ನು ಹೇಳಿ ಮುಗಿಸುವ ಮೊದಲೇ ಇವರು ಎಡಗೈಯನ್ನು ಮಡಿಲಿನಿಂದ ಎತ್ತಿ, ಬೆಳಕಿಗೆ ಹಿಡಿದರು. ಮೂವತ್ತು ವರ್ಷ ನಾನು ಆ ಚುಕ್ಕೆಗಳನ್ನು ಹುಟ್ಟು ಮಚ್ಚೆ ಎಂದುಕೊಂಡವಳು. ಜರ್ಮನಿಯ ಮನುಷ್ಯ ಎದ್ದು ಬಂದು, ಟೋಪಿ ತೆಗೆದು, ಆ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡು ನಿಂತ.

ಅಷ್ಟರಲ್ಲಿ ಅವನ ಹೆಂಡತಿ ಸೂಕ್‌ನಿಂದ ಬಂದಳು. ಅವರನ್ನು ಕಳಿಸಿಕೊಡಲು ನಾನು ಇವರ ಕುರ್ಚಿಯನ್ನು ಬಾಗಿಲಿಗೆ ತಂದು, ಹಲಗೆಯ ಮೇಲೆ ಇಳಿಸಿದೆ. ಇವರು ಎಂದಿನಂತೆ ಕೂಗಿ, ಚಕ್ರ ಹಿಡಿದು, ಕೆಳಗೆ ತೋರಿಸಿದರು. ಹೆದರಿಕೆ, ಬೀಳ್ತೇವೆ ಅಂತ, ಎಂದು ನಾನು ನೊರ್ಬರ್ಟ್‌ಗೆ ವಿವರಿಸಿದೆ. ಜರ್ಮನಿಯ ಮನುಷ್ಯ ಬಗ್ಗಿ ಇವರು ತೋರಿಸಿದ ಕಡೆ ನೋಡಿದ. ತೇಗದ ಹಲಗೆಯ ಅಡಿಗೆ ಬೆರಳು ತೂರಿಸಿ ಹೊರತೆಗೆದ. ಬೆರಳು ಕೆಂಪಾಗಿತ್ತು. ನಾನು ಕುರ್ಚಿಯನ್ನು ಕೆಳಗಿಳಿಸಿದ ಮೇಲೆ ಅವನು ಮಂಡಿಯೂರಿ ಹಲಗೆಯನ್ನು ಮಗುಚಿದ. ಅಡಿಯ ಮುಖ ನಮ್ಮ ಊರಿನ ಕಾವಿ ನೆಲದ ಹಾಗೆ ಕೆಂಪಗೆ, ಕನ್ನಡಿಯಷ್ಟು ಮಟ್ಟಸವಾಗಿತ್ತು.

"ಇವರ ಅಜ್ಜಿಯ ಅಡುಗೆಮನೆಯಲ್ಲಿ ಇಂಥದ್ದೇ ಒಂದು ಗೋಡೆಯಲ್ಲಿತ್ತು ಅಂತಾರೆ," ಎಂದ ನೊರ್ಬರ್ಟ್, ಆ ಮನುಷ್ಯನ ಮಾತಿಗೆ ಕಿವಿಕೊಡುತ್ತಾ. "ಸಣ್ಣದಿರುವಾಗ ಮುಟ್ಟಿದ್ರೆ ಅಂಗಿ ಕೆಂಪಾಗ್ತಿತ್ತಂತೆ. ಇದನ್ನು ಕಲ್ಲಿನ ಮೇಲೆ ಉಜ್ಜುದಂತೆ ಅಕ್ಕ. ಎಲ್ಲಿ ಕೆಂಪು ಹಿಡೀತದೋ ಅಲ್ಲಿ ಕಲ್ಲು ಉಬ್ಬಿದೆ ಅಂತ. ಅಲ್ಲಿ ಮಾತ್ರ ಹೊಡೀಬೇಕು. ಕೆಂಪಿಲ್ಲದ ಕಡೆ ಮುಟ್ಲಿಕ್ಕಿಲ್ಲ."

ನಾನು ಇವರ ಮುಖ ನೋಡಿದೆ. ಇವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಇಷ್ಟು ತಿಂಗಳು ಈ ಮನುಷ್ಯ ದಿನಕ್ಕೆರಡು ಸಲ ನನಗೆ ಪಾಠ ಹೇಳಿದ್ದರು, ನಾನು ಅದರ ಮೇಲೆಯೇ ಕುರ್ಚಿ ಓಡಿಸಿದ್ದೆ. ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ಕುರ್ಚಿಯ ಪಕ್ಕ ಕುಕ್ಕರಿಸಿ, ಇದನ್ನೇ ಹೇಳುತ್ತಿದ್ದಿರೇ ಎಂದು ಕೇಳಿದೆ. ಇವರು ಕಣ್ಣು ಮುಚ್ಚಿ ತೆರೆದರು. ಹೌದು ಎನ್ನಲು ನಮ್ಮಿಬ್ಬರ ನಡುವೆ ಅದೇ ಗುರುತು.

ಜರ್ಮನಿಯವರು ಹೊರಟುಹೋದರು. ಕಾರು ಹತ್ತುವ ಮುಂಚೆ ಅವನು ಇವರಿಗೆ ಕೈಮಾಡಿ ಏನೋ ಹೇಳಿದ. ಮುಲ್ಲರ್‌ನಿಂದ ಮುಲ್ಲರ್‌ಗೆ ಸಲಾಂ ಅಂತೆ, ಎಂದ ನೊರ್ಬರ್ಟ್. ಶುಕ್ರವಾರ ಮಸ್ಕತ್ತಿನ ಇಗರ್ಜಿಯಲ್ಲಿ ಪೂಜೆ ಮುಗಿಸಿ ನೇರ ಬರುತ್ತೇನೆ, ಮೇಲಿನ ಕಲ್ಲು ಎತ್ತಲು ಗಂಡಾಳು ಬೇಕಲ್ಲ ಎಂದೂ ಹೇಳಿದ. ನಾನು ಬೇಡ ಎನ್ನಲಿಲ್ಲ.

ಕಾವಿ ಪುಡಿಯ ಡಬ್ಬ ಕಪಾಟಿನ ಅಡಿಯಲ್ಲೇ ಇತ್ತು. ಊರಿನ ಹಾಗೆ ನೆಲಕ್ಕೆ ಬಳಿಯಲು ತಂದಿಟ್ಟದ್ದಿರಬೇಕು ಎಂದು ನಾನು ಅದನ್ನು ಒಮ್ಮೆ ಎಸೆಯಲು ಹೊರಟವಳು. ಎಸೆದಿರಲಿಲ್ಲ, ನನ್ನ ಪುಣ್ಯ.

ಶುಕ್ರವಾರ ನೊರ್ಬರ್ಟ್ ಸರಪಳಿ ಎಳೆದು ಮೇಲಿನ ಕಲ್ಲನ್ನು ಎತ್ತಿ ಮಗುಚಿ ಕೊಟ್ಟ. ಪುಡಿಯನ್ನು ಎಣ್ಣೆಯಲ್ಲಿ ಕಲೆಸಿ ಹಲಗೆಗೆ ಹಚ್ಚಿ ಕಲ್ಲಿನ ಮೇಲೆ ಉಜ್ಜಿದೆ. ಎತ್ತಿ ನೋಡಿದರೆ, ನಾನು ಪೌರುಷ ತೋರಿಸಿ ಕುಟ್ಟಿದ ಕಡೆಯೆಲ್ಲ ಬೆಳ್ಳಗೆ ತಗ್ಗು. ಉಬ್ಬು ಇನ್ನೆಲ್ಲೋ, ಅಂಚಿನಲ್ಲಿ ಕೆಂಪಗೆ ಹೊಳೆಯುತ್ತಿತ್ತು. ಉಳಿ ಹಿಡಿದೆ. ಇವರು ಗಂಟಲು ಕೆರೆದರು. ಕುರ್ಚಿಯನ್ನು ಕಲ್ಲಿಗೆ ತಾಗಿಸಿ ನಿಲ್ಲಿಸಿದೆ. ಇವರು ನನ್ನ ಕೈಯಿಂದ ಉಳಿಯನ್ನು ಕಸಿದುಕೊಂಡು, ಎಡಗೈಯಲ್ಲಿ ಸ್ವಲ್ಪ ಓರೆಯಾಗಿ ಕೆಂಪಿನ ಮೇಲೆ ಇಟ್ಟು, ನನ್ನನ್ನು ನೋಡಿದರು. ಸುತ್ತಿಗೆಯ ಕೈ ಇವರಿಗೆ ಇರಲಿಲ್ಲ, ಅದು ನನ್ನಲ್ಲಿತ್ತು.

ಹೊಡೆದೆ. ಮೆಲ್ಲಗೆ ಹೊಡೆದದ್ದಕ್ಕೆ ಗಂಟಲಿನಲ್ಲೇ ಬೈದರು. ಗಟ್ಟಿ ಹೊಡೆದೆ. ಉಳಿ ಕೂದಲೆಳೆಯಷ್ಟು ಸರಿಯಿತು, ಮತ್ತೆ ಹೊಡೆದೆ. ನಡುವಿನಿಂದ ಅಂಚಿಗೆ ಒಂದು ಸಾಲು ಮುಗಿಯುವಾಗ ಇವರ ಕೈ ಸೋತು ಉಳಿ ಬಿತ್ತು. ಅದನ್ನು ಎತ್ತಿ, ಅದೇ ಓರೆಯಲ್ಲಿ ಹಿಡಿದು, ಸರಿಯೇ ಎಂದು ಕೇಳಿದೆ. ಕಣ್ಣು ಮುಚ್ಚಿ ತೆರೆದರು. ಅಲ್ಲಿಂದ ಮುಂದೆ ನಾನೊಬ್ಬಳೇ.

ಕಾವಿ ಹಚ್ಚುವುದು, ಉಜ್ಜುವುದು, ಹೊಡೆಯುವುದು, ಗುಡಿಸುವುದು, ಪುನಃ ಕಾವಿ. ಬೆನ್ನು ಬಿದ್ದುಹೋಯಿತು. ಹಲ್ಲು ಕಚ್ಚಿಕೊಂಡೆ. ನೊರ್ಬರ್ಟ್ ಸಂಜೆ ಹೊರಟಾಗ ಇನ್ನು ಸಾಕು ಎಂದ, ಅವನನ್ನು ದುರುಗುಟ್ಟಿ ನೋಡಿದೆ. ಉಳಿದದ್ದನ್ನು ಶನಿವಾರ, ಭಾನುವಾರ ಬಾಗಿಲು ಹಾಕಿಕೊಂಡು ಮುಗಿಸಿದೆ. ನಡುವೆ ಒಮ್ಮೆ ಉಳಿಯ ತುದಿ ಸಿಡಿದು ಎಡಗೈಗೆ ಜೇನುಹುಳ ಕಚ್ಚಿದ ಹಾಗಾಯಿತು. ಒಂದು ಹನಿ ರಕ್ತ ಬಂತು, ಸೆರಗಿನಲ್ಲಿ ಒರೆಸಿ ಮುಂದುವರಿಸಿದೆ. ಕೊನೆಗೆ ಹಲಗೆ ಎಲ್ಲಿ ಇಟ್ಟರೂ ಕಲ್ಲು ಒಂದೇ ಸಮ ಕೆಂಪಾಯಿತು. ನೊರ್ಬರ್ಟ್ ಸೋಮವಾರ ಯಾರನ್ನೋ ಸೂರ್ ಪೇಟೆಗೆ ಬಿಟ್ಟು ಬರುವಾಗ ಇಳಿದು, ಕಲ್ಲನ್ನು ಕೂರಿಸಿ ಕೊಟ್ಟ.

ಆ ಕೊನೆಯ ಬುಧವಾರ ಖಲ್ಫಾನ್ ಹೇಳಿದ ಹಾಗೇ ಬಂದರು. ಹೆಗಲ ಮೇಲೆ ಗೋಧಿಯ ಚೀಲ, ಹಿಂದೆ ಮೆಷಿನ್ ಕಂಪನಿಯ ಮನುಷ್ಯ ಅಳತೆ ಟೇಪು ಹಿಡಿದು. ಅವನು ಬಂದವನೇ ಗೋಡೆ ಅಳೆಯತೊಡಗಿದ. ನನ್ನ ಮೈ ಉರಿಯಿತು, ಆದರೆ ಬಾಯಿಗೆ ಬೀಗ ಹಾಕಿಕೊಂಡೆ. ಹೊರಗೆ ರಂಝಾನಿನ ಗೋಧಿ ಹೊತ್ತು ಹೆಂಗಸರು ನೆರಳಿನಲ್ಲಿ ಕೂತಿದ್ದರು, ಶಮ್ಸಾ ಅಜ್ಜಿ ಎಲ್ಲರಿಗಿಂತ ಮುಂದೆ. ಬೀಸಿಸುವುದೋ ಬೇರೆ ಕಡೆ ಹೋಗುವುದೋ ಎಂದು ಇನ್ನೂ ತೀರ್ಮಾನಿಸಿರಲಿಲ್ಲ.

ಹಲ್ಲು ಹಾಕಿದ ಕಲ್ಲು ಶುದ್ಧವಾಗಲೆಂದು ಮೊದಲು ನಮ್ಮದೇ ಅಕ್ಕಿ ಒಂದಷ್ಟು ಬೀಸಿ ಚೆಲ್ಲಿದೆ. ಆಮೇಲೆ ಖಲ್ಫಾನರ ಗೋಧಿಯಿಂದ ಒಂದು ಬೊಗಸೆ ಸುರಿದೆ. ಕಲ್ಲಿನ ಸದ್ದು ಬದಲಾಗಿತ್ತು, ನರಳುತ್ತಿರಲಿಲ್ಲ. ಹಿಟ್ಟು ಬಿತ್ತು. ನಾನು ಮುಟ್ಟಲಿಲ್ಲ, ಹೆದರಿಕೆ. ಬಟ್ಟಲನ್ನು ಇವರ ಮಡಿಲಲ್ಲಿಟ್ಟೆ.

ಇವರು ಚಿಟಿಕೆ ಹಿಟ್ಟು ತೆಗೆದು ಬೆರಳುಗಳ ನಡುವೆ ಉಜ್ಜಿದರು. ತುಂಬಾ ಹೊತ್ತು ಉಜ್ಜಿದರು. ಈ ಸಲ ಕೊಡವಲಿಲ್ಲ. ಬಟ್ಟಲನ್ನು ಖಲ್ಫಾನರ ಕಡೆ ತಳ್ಳಿದರು. ಅವರು ಕೈ ಹಾಕಿ ನೋಡಿದರು, ಮೂಗಿಗೆ ಹಿಡಿದರು. ಹಿಟ್ಟು ತಣ್ಣಗಿತ್ತು. ಗೋಡೆ ಅಳೆಯುವವನು ಟೇಪು ಹಾಗೇ ಹಿಡಿದು ನಿಂತ.

ಕಲ್ಲಿಗೆ ಹಲ್ಲು ಹಾಕಿದ್ದು ಯಾರು ಎಂದು ಖಲ್ಫಾನ್ ಕೇಳಿದರು. ಮಸ್ಕತ್ತಿನಿಂದ ಯಾರನ್ನೋ ಕರೆಸಿದ್ದೀರಿ, ಅವನು ಪ್ರತೀ ಸಲ ಬರುತ್ತಾನೇನು, ಇಂದು ಒಂದು ದಿನ ಸರಿಯಾದರೆ ಸಾಕೇ ಎಂದರು. ನ್ಯಾಯವಾದ ಪ್ರಶ್ನೆಯೇ. ನಾನು ಎಂದು ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಇವರು ನನ್ನ ಎಡಗೈ ಹಿಡಿದರು. ಹಿಟ್ಟಿನ ಬೆರಳಿನಿಂದ ನನ್ನ ಕೈಯ ಹಿಂಬದಿಯನ್ನು ಒರೆಸಿದರು. ಒಮ್ಮೆ, ಎರಡು ಸಲ, ಜೋರಾಗಿ. ಆ ಉಕ್ಕಿನ ಚೂರು ಹೊಕ್ಕಲ್ಲಿ ಸಾಸಿವೆ ಕಾಳಿನಷ್ಟು ನೀಲಿ ಕೂತಿತ್ತು, ಹೋಗಲಿಲ್ಲ. ಇವರ ಹೆಬ್ಬೆರಳು ಅದರ ಮೇಲೆ ನಿಂತಿತು. ಆಮೇಲೆ ಇದ್ದ ಬಲವನ್ನೆಲ್ಲ ಹಾಕಿ, ತಮ್ಮ ಕೈಯ ಜೊತೆಗೇ ನನ್ನ ಕೈಯನ್ನೂ ಮೇಲೆತ್ತಿ, ಹಿಂಬದಿ ತಿರುಗಿಸಿ ಖಲ್ಫಾನರಿಗೆ ತೋರಿಸಿದರು. ನೀಲಿ ಚುಕ್ಕೆಗಳು ತುಂಬಿದ ಕೈ, ಪಕ್ಕದಲ್ಲಿ ಒಂದೇ ಚುಕ್ಕೆಯ ಕೈ. ಮಾತು ಬಾರದ ಮನುಷ್ಯ ನನ್ನ ಪರವಾಗಿ ಅಷ್ಟು ಹೇಳಿದರು.

ಖಲ್ಫಾನ್ ಎರಡೂ ಕೈಗಳನ್ನು ನೋಡಿದರು. ಇವರ ಕೈಯ ಚುಕ್ಕೆಗಳು ಅವರಿಗೆ ಹಳೆಯ ಪರಿಚಯ, ಅವು ಉಳಿಯ ಕೆಲಸದಿಂದ ಬಂದವು ಎಂಬುದೂ ಗೊತ್ತು. ಟೇಪಿನವನಿಗೆ ಸಾಕು ಎಂದು ಸನ್ನೆ ಮಾಡಿದರು. ಉಳಿದ ಗೋಧಿಯ ಚೀಲವನ್ನು ತಾವೇ ಎತ್ತಿ ಗಿರಣಿಯ ಬಾಯಿಗೆ ಸುರಿದರು. ವೀಸಾದ ಮಾತು ನನಗೆ ಬಿಡು ಎಂದು ಇವರ ಹೆಗಲು ತಟ್ಟಿ, ಬಾಗಿಲಿಗೆ ಹೋಗಿ, ನೆರಳಲ್ಲಿ ಕೂತ ಹೆಂಗಸರಿಗೆ ಅರಬಿಯಲ್ಲಿ ಹೇಳಿದರು.

"ಯಲ್ಲಾ, ಒಬ್ಬೊಬ್ಬರೇ ಬನ್ನಿ. ತಹ್ಹಾನಾ ಒಳಗಿದ್ದಾಳೆ."

ತಹ್ಹಾನಾ. ಗಿರಣಿಯವಳು. ನನ್ನನ್ನು ಅದುವರೆಗೆ ಯಾರೂ ಹಾಗೆ ಕರೆದಿರಲಿಲ್ಲ. ಇವರಿಗೆ ಸ್ಟ್ರೋಕ್ ಆದ ದಿನವೂ ಅಳದವಳು ಆಗ ಅತ್ತೆ, ಹಿಟ್ಟಿನ ಕೈಯಲ್ಲೇ ಮುಖ ಒರೆಸಿಕೊಂಡೆ. ಶಮ್ಸಾ ಅಜ್ಜಿ ಚೀಲ ಇಳಿಸಿ, ಎಂದಿನಂತೆ ತನ್ನ ಹಿಟ್ಟಿನ ಮೇಲೆ ಕಣ್ಣಿಟ್ಟು ನಿಂತಳು. ಇವರು ಬಟ್ಟಲನ್ನು ಮಡಿಲಿಗೆಳೆದುಕೊಂಡು ಮುಂದಿನ ಚಿಟಿಕೆಗೆ ಕಾದರು. ನಾನು ಚೀಲದ ಬಾಯಿ ಬಿಚ್ಚಿದೆ.